ತಿಳಿದೂ ತಿಳಿದೂ

ನನ್ನ ಫೋನಿನಲ್ಲಿ ಮೂರೇ ಜನರಿರುವ ಒಂದು ವಾಟ್ಸಾಪ್ ಗುಂಪಿದೆ. ಹೆಸರು 'ಸಿಲಿಂಡರ್'. ಅದನ್ನು ಮಾಡಿದವಳು ಎಂಟನೇ ಕ್ಲಾಸಿನಲ್ಲಿ ಓದುವ ನನ್ನ ಮಗಳು. ಉಳಿದ ಇಬ್ಬರು ನಾನು ಮತ್ತು ನನ್ನ ಹೆಂಡತಿ. ಒಂದೇ ಮನೆಯಲ್ಲಿ, ಎರಡು ರೂಮುಗಳ ಅಂತರದಲ್ಲಿ ಇರುವ ಗಂಡ ಹೆಂಡತಿಗೆ ಮಗಳು ಗುಂಪು ಮಾಡಿಕೊಡಬೇಕಾದ ಪರಿಸ್ಥಿತಿ ಹೇಗೆ ಬಂತು ಎಂಬುದನ್ನು ಬರೆಯಲು ಕೂತಿದ್ದೇನೆ.

ಒಂದು ಬುಧವಾರ ನನ್ನ ತಮ್ಮ ಬೀದರಿನಿಂದ ಹೈದರಾಬಾದಿಗೆ ಯಾವುದೋ ಕೆಲಸಕ್ಕೆ ಬಂದವನು ರಾತ್ರಿ ನಮ್ಮಲ್ಲೇ ಉಳಿದ. ಊಟ ಮಾಡುತ್ತಾ ತುಂಬಿದ ಮನಸ್ಸಿನಿಂದ, "ಅಣ್ಣ ಮೂರು ಲಕ್ಷ ಕೊಟ್ಟಿದ್ದಕ್ಕ ಪ್ಲಾಟಿಂದು ರಿಜಿಸ್ಟ್ರಿ ಆಯ್ತು ನೋಡ್ರಿ ವೈನಿ" ಅಂದ. ವೈನಿಗೆ ಆ ವಿಷಯ ಗೊತ್ತಿರಲಿಲ್ಲ. ಅವಳು ನನ್ನ ಕಡೆ ತಿರುಗಿ, ಅವನ ಎದುರಿಗೇ, "ನಂಗೊಂದು ಮಾತು ಹೇಳಬೇಕಂತ ಅನ್ನಿಸ್ಲಿಲ್ಲೇನ್ರಿ?" ಎಂದು ಕೇಳಿದಳು. ಅಷ್ಟೇ. ದನಿ ಏರಿಸಲಿಲ್ಲ. ತಮ್ಮ ತಟ್ಟೆ ನೋಡುತ್ತಾ ಕೂತ. ನನಗೆ ಕಿವಿಯವರೆಗೂ ಬಿಸಿ ಏರಿತು.

ಅವಳ ಪ್ರಶ್ನೆ ನ್ಯಾಯವಾದದ್ದೇ. ಫ್ಲ್ಯಾಟಿನ ಕಂತಿನಲ್ಲಿ ಅರ್ಧ ಅವಳ ಸಂಬಳದಿಂದ ಹೋಗುತ್ತದೆ. ಆ ಹಣ ಇಬ್ಬರಿಗೂ ಸೇರಿದ್ದು. ಆದರೆ ಆ ಹೊತ್ತಿನಲ್ಲಿ ನನಗೆ ಕಂಡದ್ದು ಹಣವಲ್ಲ, ತಮ್ಮನ ಮುಂದೆ ಹೋದ ನನ್ನ ಮರ್ಯಾದೆ. ಬೀದರಿಗೆ ಹೋಗಿ ಇವನು ಏನು ಹೇಳುತ್ತಾನೋ, ಹೆಂಡತಿಯ ಅಪ್ಪಣೆಯಿಲ್ಲದೆ ಮೂರು ಕಾಸು ಬಿಚ್ಚದ ಗಂಡಸು ಅನ್ನುತ್ತಾರೋ ಎಂಬ ಲೆಕ್ಕ. ನಾನು ಕೂಗಾಡಲಿಲ್ಲ. ಕೈ ತೊಳೆದು ಎದ್ದೆ, ಲ್ಯಾಪ್‌ಟಾಪ್ ತೆರೆದೆ, ಮಾತು ಬಿಟ್ಟೆ.

ಹನ್ನೊಂದು ದಿನ.

ಮಾತು ಬಿಟ್ಟ ಮನೆಯಲ್ಲಿ ಕೆಲಸಗಳೇನೂ ನಿಲ್ಲುವುದಿಲ್ಲ. ಡಬ್ಬಿ ಕಟ್ಟಿಟ್ಟಿರುತ್ತದೆ, ಇಸ್ತ್ರಿ ಬಟ್ಟೆ ಬಂದಿರುತ್ತದೆ. ಮಾತು ಮಾತ್ರ ಮಗಳ ಮೂಲಕ ದಾಟುತ್ತದೆ. "ಪಪ್ಪಾಗ ಹೇಳು, ಸಿಲಿಂಡರ್ ಬುಕ್ ಮಾಡಬೇಕು." "ಮಮ್ಮಿಗೆ ಹೇಳು, ಮಾಡಾಗೇದ." ಆರನೇ ದಿನವೋ ಏಳನೇ ದಿನವೋ ಅವಳು ಪುಸ್ತಕ ಮುಚ್ಚಿ, ಗುಂಪು ಮಾಡಿ, "ಇಬ್ರೂ ಇದರಾಗ ಬರಕೋರಿ, ನಂಗ ನಾಳಿ ಗಣಿತದ ಟೆಸ್ಟ್ ಅದ" ಎಂದು ರೂಮಿನ ಬಾಗಿಲು ಹಾಕಿಕೊಂಡಳು. ನಾನು ನಕ್ಕೆ. ಆ ನಗುವನ್ನು ಹಂಚಿಕೊಳ್ಳಬೇಕಾದವಳ ಜೊತೆ ಮಾತು ಬಿಟ್ಟಿದ್ದೇನೆ ಎಂದು ಆಮೇಲೆ ನೆನಪಾಯಿತು.

ನಾನು ಬೀದರಿನ ಮೆಥೊಡಿಸ್ಟ್ ಮನೆತನದವನು. ಈ ಪತ್ರಿಕೆಯ ಓದುಗರಲ್ಲಿ ಅನೇಕರಿಗೆ ಆ ಹೆಸರು ಅಪರಿಚಿತವಿರಬಹುದು. ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಜಾನ್ ವೆಸ್ಲಿ ಎಂಬ ಪಾದ್ರಿಯಿಂದ ಹುಟ್ಟಿದ ಪಂಗಡ ನಮ್ಮದು. ಮನುಷ್ಯ ಸಾಯುವವರೆಗೂ ಪಾಪ ಮಾಡುತ್ತಲೇ ಇರುತ್ತಾನೆ, ಏನು ಮಾಡಲಾದೀತು ಎಂದು ಕೈಚೆಲ್ಲುವುದನ್ನು ವೆಸ್ಲಿ ಒಪ್ಪಲಿಲ್ಲ. ದೇವರ ಕೃಪೆಯಿಂದ ಮನುಷ್ಯ ಈ ಜನ್ಮದಲ್ಲೇ ಬೇಕೆಂದು ಮಾಡುವ ಪಾಪದಿಂದ ಬಿಡುಗಡೆ ಹೊಂದಬಹುದು ಎಂದು ಬೋಧಿಸಿದ. ತಪ್ಪು ತಿಳಿವಳಿಕೆ, ಮರೆವು, ದೌರ್ಬಲ್ಯ ಇವೆಲ್ಲ ಇದ್ದೇ ಇರುತ್ತವೆ. ಅವಕ್ಕೂ ಕ್ಷಮೆ ಬೇಕು, ಆದರೆ ಅವು ಬೇರೆ. ಆತನ ಪ್ರಕಾರ ಸರಿಯಾದ ಅರ್ಥದಲ್ಲಿ ಪಾಪವೆಂದರೆ ಗೊತ್ತಿರುವ ಆಜ್ಞೆಯನ್ನು ಇಷ್ಟಪಟ್ಟು ಮೀರುವುದು. ಈ ವಿಷಯವಾಗಿ ಆತ ಬರೆದ ಪುಸ್ತಕ 1766ರಲ್ಲಿ ಬಂತು. ಇಂದಿಗೂ ಮೆಥೊಡಿಸ್ಟ್ ಪಾದ್ರಿಗಳಿಗೆ ದೀಕ್ಷೆ ಕೊಡುವಾಗ, ಈ ಜನ್ಮದಲ್ಲೇ ಪ್ರೀತಿಯಲ್ಲಿ ಪರಿಪೂರ್ಣನಾಗುವ ನಿರೀಕ್ಷೆ ನಿನಗಿದೆಯೇ ಎಂದು ಕೇಳುವ ಸಂಪ್ರದಾಯವಿದೆ. ಹೌದು ಅನ್ನಬೇಕು. ಧೈರ್ಯ ಬೇಕು ಅದಕ್ಕೆ.

ಇದು ಹೊಸ ಭೇದವೇನಲ್ಲ. ಹಳೇ ಒಡಂಬಡಿಕೆಯ ಅರಣ್ಯಕಾಂಡದ 15ನೇ ಅಧ್ಯಾಯದಲ್ಲೇ ಇದೆ. ತಿಳಿಯದೆ ಮಾಡಿದ ತಪ್ಪಿಗೆ ಬಲಿ ಇದೆ, ಪರಿಹಾರ ಇದೆ. ತಿಳಿದೂ ತಿಳಿದೂ ಮಾಡಿದ್ದಕ್ಕೆ ಬಲಿಯ ಪ್ರಸ್ತಾಪವೇ ಇಲ್ಲ. ಹೀಬ್ರೂ ಮೂಲದಲ್ಲಿ ಅಂಥ ಪಾಪಕ್ಕೆ ಎತ್ತಿದ ಕೈಯಿಂದ ಮಾಡಿದ್ದು ಎಂಬ ಅರ್ಥದ ಮಾತಿದೆಯಂತೆ. ಇದನ್ನು ಓದಿದಾಗಲೆಲ್ಲ ನನಗೆ ನನ್ನ ಅಪ್ಪ ನೆನಪಾಗುತ್ತಾನೆ.

ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಅವ್ವನ ಮೇಲೆ ಕೈ ಮಾಡಿದ. ಕಾರಣ ನನಗೆ ನೆನಪಿಲ್ಲ, ಸದ್ದು ನೆನಪಿದೆ. ಮುಂದಿನ ಭಾನುವಾರ ಕರ್ತನ ಭೋಜನದ ದಿನ. ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ರೊಟ್ಟಿ, ದ್ರಾಕ್ಷಾರಸ ಕೊಡುತ್ತಾರೆ. ಸಾಲು ಸಾಲಾಗಿ ಎದ್ದು ಹೋಗಿ ಮೊಣಕಾಲೂರಬೇಕು. ನಮ್ಮ ಸಾಲು ಎದ್ದಾಗ ಅಪ್ಪ ಏಳಲಿಲ್ಲ. ಸಣ್ಣ ಊರು, ಎಲ್ಲರೂ ನೋಡಿದರು. ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸರಿಮಾಡಿಕೊಂಡು ಬಾ ಎಂದು ಯೇಸು ಹೇಳಿದ್ದನ್ನು ಅಪ್ಪ ಅಕ್ಷರಶಃ ತೆಗೆದುಕೊಂಡಿದ್ದ. ಅಂದು ಸಂಜೆ ನಮ್ಮನ್ನೆಲ್ಲ ಸಾಲಾಗಿ ಕೂಡಿಸಿ, ಅವ್ವನ ಮುಂದೆ ಮೊಣಕಾಲೂರಿ, ಕ್ಷಮಿಸು ಅಂದ. ಈ ಸುದ್ದಿ ಓಣಿಗೆ ಹೇಗೋ ಹೋಯಿತು. ಹೆಂಡತಿ ಕಾಲಿಗೆ ಬಿದ್ದ ಮಾಸ್ತರ ಎಂದು ನನ್ನ ದೊಡ್ಡಪ್ಪಂದಿರೇ ನಕ್ಕರು. ಅಪ್ಪ ಮತ್ತೆಂದೂ ಕೈ ಎತ್ತಲಿಲ್ಲ.

ಈ ಕಥೆಯನ್ನು ನಾನು ಹೈದರಾಬಾದಿನ ನಮ್ಮ ಪುರುಷರ ಕೂಟದಲ್ಲಿ ಕನಿಷ್ಠ ಮೂರು ಸಲ ಹೇಳಿದ್ದೇನೆ. ಗಂಡಸುತನವೆಂದರೆ ಏನು ಎಂಬ ವಿಷಯ ಬಂದಾಗಲೆಲ್ಲ ಇದು ನನ್ನ ಖಾತೆಯ ಚಿನ್ನದ ನಾಣ್ಯ. ಕೇಳಿದವರು ಕಣ್ಣೊರೆಸಿಕೊಂಡದ್ದೂ ಉಂಟು. ನಾನು ಹೆಂಡತಿಯ ಮೇಲೆ ಎಂದೂ ಕೈ ಮಾಡಿದವನಲ್ಲ ಎಂಬುದನ್ನೂ ಜೊತೆಗೆ ಸೇರಿಸುತ್ತಿದ್ದೆ. ಮೆಲ್ಲಗೆ, ವಿನಯದಿಂದ.

ಮಾತು ಬಿಟ್ಟ ಐದನೇ ದಿನ ಭಾನುವಾರ, ತಿಂಗಳ ಮೊದಲನೆಯದು. ನಾನು ಎದ್ದು ಹೋದೆ. ಮೊಣಕಾಲೂರಿದೆ, ಕೈ ಚಾಚಿದೆ, ರೊಟ್ಟಿ ತೆಗೆದುಕೊಂಡೆ. ಪಕ್ಕದಲ್ಲೇ ಅವಳಿದ್ದಳು. ಇಬ್ಬರ ಮೊಣಕೈ ತಾಗಿತು, ನಾನು ಸರಿದುಕೊಂಡೆ. ವಾಪಸು ಬಂದು ಕೂತಾಗಲೂ ನನಗೆ ಏನೂ ಅನ್ನಿಸಲಿಲ್ಲ ಎಂಬುದೇ ಈಗ ಭಯ ಹುಟ್ಟಿಸುತ್ತದೆ.

ಸಿಟ್ಟು ಬಂದದ್ದು ಪಾಪವೋ ಅಲ್ಲವೋ, ಅದನ್ನು ಪಂಡಿತರು ಚರ್ಚಿಸಲಿ. ಬುಧವಾರ ರಾತ್ರಿಯ ಬಿಸಿ ಜ್ವರದ ಹಾಗೆ ತಾನಾಗಿ ಬಂತು, ಅದನ್ನು ನಾನು ಕರೆದಿರಲಿಲ್ಲ. ಗುರುವಾರದ ಮೌನವನ್ನೂ ಜ್ವರದ ಲೆಕ್ಕಕ್ಕೆ ಬರೆಯಬಹುದೇನೋ. ಆದರೆ ಶನಿವಾರ ಬೆಳಿಗ್ಗೆ ಅವಳು ಚಹಾ ತಂದಿಟ್ಟು ಒಂದು ಕ್ಷಣ ನಿಂತಳು. ನನ್ನೊಳಗೆ ಸಿಟ್ಟು ಇರಲಿಲ್ಲ. ಹುಡುಕಿ ನೋಡಿದೆ, ನಿಜಕ್ಕೂ ಇರಲಿಲ್ಲ. ಒಂದು 'ಥ್ಯಾಂಕ್ಸ್' ಅಂದಿದ್ದರೆ ಮುಗಿಯುತ್ತಿತ್ತು. ಅನ್ನಬಾರದೆಂದು ನಿರ್ಧರಿಸಿದೆ. ಅಷ್ಟು ಬೇಗ ಮೆತ್ತಗಾದರೆ ಮುಂದೆ ಅಂಕೆಗೆ ಸಿಗುವುದಿಲ್ಲ ಎಂಬ ಲೆಕ್ಕವನ್ನು ಮನಸ್ಸು ಸ್ಪಷ್ಟವಾಗಿ, ಅಂಕಿಗಳಲ್ಲಿ ಹಾಕಿತು. ನನ್ನ ಕೆಲಸದಲ್ಲಿ ಸಾಫ್ಟ್‌ವೇರ್ ಬಿಡುಗಡೆ ಮಾಡುವಾಗ ಗೊತ್ತಿರುವ ದೋಷಗಳ ಪಟ್ಟಿ ಎಂದು ಒಂದನ್ನು ಮಾಡುತ್ತೇವೆ. ದೋಷ ಇದೆ, ಗೊತ್ತಿದೆ, ಆದರೂ ಬಿಡುಗಡೆ ಮಾಡುತ್ತಿದ್ದೇವೆ ಎಂದು ಸಹಿ ಹಾಕುವವನು ನಾನೇ. ಶನಿವಾರದಿಂದ ಆಚೆಗಿನ ಪ್ರತಿ ದಿನಕ್ಕೂ ನನ್ನ ಸಹಿ ಇತ್ತು.

ಅಪ್ಪನ ಕೈಯನ್ನು ಎಲ್ಲರೂ ನೋಡಿದರು. ನನ್ನ ಕೈ ಎಂಥದು ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು.

ವೆಸ್ಲಿಯ ಮನೆಯ ಕಥೆಯನ್ನು ನಮ್ಮ ಚರ್ಚುಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ. 1751ರಲ್ಲಿ ಆತ ಮೇರಿ ವಝೇಲ್ ಎಂಬ ವಿಧವೆಯನ್ನು ಮದುವೆಯಾದ. ಮದುವೆಯಾದನೆಂಬ ಕಾರಣಕ್ಕೆ ಒಬ್ಬ ಬೋಧಕ ಒಂದು ಪ್ರಸಂಗವನ್ನಾಗಲಿ ಒಂದು ದಿನದ ಪ್ರಯಾಣವನ್ನಾಗಲಿ ಕಡಿಮೆ ಮಾಡುವುದು ಸರಿಯಲ್ಲ ಎಂಬುದು ಆತನ ನಿಲುವು. (ರಾತ್ರಿ ಹನ್ನೊಂದರ ಕ್ಲೈಂಟ್ ಕಾಲ್‌ಗಳನ್ನು ಎಂದೂ ತಪ್ಪಿಸದ ನನಗೆ ಈ ಸಾಲು ಓದಿ ಪರಿಚಯದವರು ಸಿಕ್ಕ ಹಾಗಾಯಿತು.) ಆಕೆಗೆ ಸಂಶಯ, ಅಸೂಯೆ. ಆತನ ಪತ್ರಗಳನ್ನು ತೆರೆದು ಓದುತ್ತಿದ್ದಳು. ಆತ ಉತ್ತರವಾಗಿ ವಿಧೇಯಳಾಗಿರು ಎಂದು ಉಪದೇಶದ ಪತ್ರ ಬರೆಯುತ್ತಿದ್ದ. ಆಕೆ ಮನೆ ಬಿಟ್ಟು ಹೋದಾಗ, ತಾನು ವಾಪಸು ಕರೆಯುವುದಿಲ್ಲ ಎಂದು ದಿನಚರಿಯಲ್ಲಿ ಲ್ಯಾಟಿನ್ನಿನಲ್ಲಿ ಬರೆದಿಟ್ಟ. 1781ರಲ್ಲಿ ಆಕೆ ತೀರಿಕೊಂಡಾಗ ಮಣ್ಣಾದ ಮೇಲಷ್ಟೇ ಆತನಿಗೆ ಸುದ್ದಿ ಮುಟ್ಟಿತು. ಪರಿಪೂರ್ಣತೆಯನ್ನು ಬೋಧಿಸಿದವನ ಮನೆ ಇದು. ತಾನು ಅದನ್ನು ಸಾಧಿಸಿದ್ದೇನೆಂದು ಆತ ಹೇಳಿಕೊಳ್ಳಲಿಲ್ಲ ಎಂಬುದನ್ನು ಆತನ ಪರವಾಗಿ ಹೇಳಬೇಕು. ಆದರೂ ಆ ಲ್ಯಾಟಿನ್ ವಾಕ್ಯ ನನ್ನನ್ನು ಕಾಡುತ್ತದೆ. ದಿನಚರಿಯಲ್ಲಿ ಲ್ಯಾಟಿನ್ ಬರೆಯಬೇಕಾದರೆ ಸಿಟ್ಟು ಇಳಿದಿರಬೇಕು.

ಪೇತ್ರನ ಮೊದಲನೆಯ ಪತ್ರಿಕೆಯ ಮೂರನೇ ಅಧ್ಯಾಯದಲ್ಲಿ ಗಂಡಂದಿರಿಗೆ ಒಂದೇ ಒಂದು ವಚನವಿದೆ. ಹೆಂಡತಿಯನ್ನು ಬಲಹೀನಳೆನ್ನುವ ಭಾಗ ನನ್ನ ಹೆಂಡತಿಗೆ ಹಿಡಿಸುವುದಿಲ್ಲ, ನನಗೂ ಅದನ್ನು ಸಮರ್ಥಿಸುವ ಉಮೇದಿಲ್ಲ. ಆದರೆ ವಚನದ ಕೊನೆಯ ಭಾಗವನ್ನು ಪ್ರಸಂಗಗಳಲ್ಲಿ ಹಾರಿಸಿಬಿಡುತ್ತಾರೆ. ಆಕೆಗೆ ಮಾನ ಕೊಡದಿದ್ದರೆ ನಿಮ್ಮ ಪ್ರಾರ್ಥನೆಗೇ ಅಡ್ಡಿಯಾಗುತ್ತದೆ ಎನ್ನುತ್ತಾನೆ ಪೇತ್ರ. ಅಂದರೆ ಆ ಹನ್ನೊಂದು ದಿನ ನಾನು ಮಾಡಿದ ಪ್ರಾರ್ಥನೆಗಳೆಲ್ಲ ಮನೆಯ ಹೊಸ್ತಿಲನ್ನೂ ದಾಟಿರಲಿಕ್ಕಿಲ್ಲ.

ಹನ್ನೊಂದನೇ ದಿನ ಶನಿವಾರ. ಅವ್ವನ ಬಿಪಿ ಮಾತ್ರೆ ಮತ್ತು ಅಪ್ಪನ ಪಿಂಚಣಿಯ ಯಾವುದೋ ಕಾಗದಕ್ಕೆಂದು ಒಬ್ಬನೇ ಬೀದರಿಗೆ ಹೋದೆ. ನೂರಾ ನಲವತ್ತು ಕಿಲೋಮೀಟರು. ಜಹೀರಾಬಾದ್ ದಾಟುವವರೆಗೆ ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಊಟ ಬಡಿಸುತ್ತಾ ಅವ್ವನೇ, "ಸಣ್ಣಾವ ಎಲ್ಲಾ ಹೇಳ್ಯಾನ. ಮಾತಾಡ್ಲತೀರಿ ಇಲ್ಲ?" ಎಂದಳು. ನಾನು ಸುತ್ತಿ ಬಳಸಿ ಅಪ್ಪನ ಕಥೆಗೆ ಬಂದೆ. ಅಪ್ಪನ ಹಾಗೆ ನಾನೂ ಮಗಳ ಎದುರಿಗೆ ಮೊಣಕಾಲೂರಿ ಕೇಳಿಬಿಡುತ್ತೇನೆ ಅಂದೆ. ಹೇಳುವಾಗಲೇ ಆ ದೃಶ್ಯ ಕಣ್ಣ ಮುಂದೆ ಬಂದು ನನಗೇ ಗಂಟಲು ಕಟ್ಟಿತು.

ಅವ್ವ ಸಾರಿನ ಪಾತ್ರೆ ಕೆಳಗಿಟ್ಟಳು.

"ನಿಮ್ಮಪ್ಪ ನಿಮ್ಮೆಲ್ಲರ ಮುಂದ ಕೇಳಿದ. ಮಕ್ಕಳು ಕುಂತು ನೋಡ್ಲತಿದ್ರಿ. ನಾ ಏನನ್ನಬೇಕಿತ್ತು? ಆಯ್ತು ಏಳ್ರಿ ಅಂದೆ. ನನಗೊಬ್ಬಾಕಿಗೇ ಅಂವ ಎಂದೂ ಕೇಳ್ಲಿಲ್ಲ."

ನಾನು ತುತ್ತು ಹಿಡಿದು ಕೂತೆ. ಅವ್ವ ಸ್ವಲ್ಪ ಹೊತ್ತು ಬಿಟ್ಟು, "ಒಳ್ಳೇವನೇ ಇದ್ದ ಬಿಡು" ಅಂದಳು. ಅದನ್ನು ಸತ್ಯವಾಗಿಯೇ ಅಂದಳು. ಇನ್ನಷ್ಟು ಅನ್ನ ಹಾಕಿದಳು.

ವಾಪಸು ಬರುವ ಮೂರು ಗಂಟೆ ಆ ಮಾತು ನನ್ನ ಜೊತೆ ಕಾರಿನಲ್ಲಿತ್ತು. ನಲವತ್ತು ವರ್ಷಗಳ ಹತ್ತಿರ ಹತ್ತಿರ ನಾನು ಸಾಕಿಕೊಂಡು ಬಂದ ಕಥೆಯಲ್ಲಿ ಅವ್ವ ಮಾತೇ ಆಡಿಲ್ಲ ಎಂಬುದನ್ನು ನಾನು ಗಮನಿಸಿರಲಿಲ್ಲ. ಅಪ್ಪ ನಾಟಕ ಮಾಡಿದನೆಂದು ನಾನು ಅನ್ನಲಾರೆ. ಓಣಿಯಲ್ಲಿ ನಗೆಪಾಟಲಾದ, ಹಾಗಿದ್ದೂ ಮಾಡಿದ. ಆದರೆ ಅವನು ತನ್ನ ಪಾಪದ ಲೆಕ್ಕವನ್ನು ದೇವರ ಜೊತೆ, ನಮ್ಮ ಜೊತೆ ತೀರಿಸಿಕೊಂಡಿದ್ದ. ಯಾರಿಗೆ ಬಾಕಿ ಇತ್ತೋ ಅವಳಿಗೆ ಬೇಡ ಅನ್ನುವ ಅವಕಾಶವನ್ನೇ ಬಿಟ್ಟಿರಲಿಲ್ಲ. ನಾನು ಹೊರಟಿದ್ದೂ ಅದಕ್ಕೇ, ಮಗಳನ್ನು ಸಾಕ್ಷಿಯಾಗಿ ಕೂಡಿಸಿಕೊಂಡು.

ಮನೆ ಮುಟ್ಟಿದಾಗ ಹತ್ತು ದಾಟಿತ್ತು. ಮಗಳು ಮಲಗಿದ್ದಳು. ಅವಳು ಅಡಿಗೆಮನೆಯಲ್ಲಿ ನಾಳೆಗೆ ಕಾಳು ನೆನೆ ಹಾಕುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, ತಪ್ಪಾಯಿತು ಅಂದೆ. ಹನ್ನೊಂದು ದಿನದ ನಂತರ ದನಿ ಒಡೆದು ಬಂತು.

ಅವಳು ತಿರುಗದೆ, "ಯಾವುದಕ್ಕ?" ಎಂದು ಕೇಳಿದಳು. "ಮೂರು ಲಕ್ಷದ್ದು ಬ್ಯಾರೆ, ಹನ್ನೊಂದು ದಿನದ್ದು ಬ್ಯಾರೆ."

ಎರಡಕ್ಕೂ ಅಂದೆ. ಶನಿವಾರದ ಚಹಾದ ಬಗ್ಗೆಯೂ ಹೇಳಿದೆ. ಸಿಟ್ಟಿರಲಿಲ್ಲ, ಬೇಕೆಂದೇ ಮಾತಾಡಲಿಲ್ಲ ಎಂದು. ಅದನ್ನು ಹೇಳುವುದು ಹಣದ ವಿಷಯ ಹೇಳುವುದಕ್ಕಿಂತ ಕಷ್ಟವಿತ್ತು. ಸಿಟ್ಟಿನಲ್ಲಿದ್ದೆ ಅಂದಿದ್ದರೆ ಸುಲಭವಾಗಿ ಕ್ಷಮೆ ಸಿಗುತ್ತಿತ್ತು, ಅವಳು ನಂಬಲೂ ಸಿದ್ಧಳಿದ್ದಳು. ಈಗ ತಿರುಗಿ ನೋಡಿದಳು. ನೋಟ ಮೆತ್ತಗಿರಲಿಲ್ಲ.

"ರೊಕ್ಕದ ಲೆಕ್ಕ ಬರದು ಕೊಡ್ರಿ, ಎಲ್ಲಿಂದ ತೆಗೆದ್ರಿ, ಯಾವಾಗ ವಾಪಸ್ ಬರ್ತದ ಅಂತ. ಇನ್ನೊಂದಕ್ಕ ನಾ ಈಗೇನೂ ಹೇಳಂಗಿಲ್ಲ." ಕೈ ಒರೆಸಿಕೊಂಡು, "ಊಟ ಆಗೇದೇನು?" ಎಂದು ಕೇಳಿದಳು.

ಲೆಕ್ಕವನ್ನು ಮರುದಿನವೇ ಎಕ್ಸೆಲ್ ಹಾಳೆಯಲ್ಲಿ ಮಾಡಿಕೊಟ್ಟೆ. ಅವಳು ಎರಡು ತಪ್ಪು ಹುಡುಕಿದಳು. ಮಾತುಕತೆ ನಡೆಯುತ್ತಿದೆ. ಸಿಲಿಂಡರು, ಶಾಲೆಯ ಫೀಸು, ಅವ್ವನ ಮಾತ್ರೆ. ಒಮ್ಮೊಮ್ಮೆ ನಗುವೂ ಬರುತ್ತದೆ. ಇನ್ನೊಂದರ ಬಗ್ಗೆ ಅವಳು ಏನೂ ಹೇಳಿಲ್ಲ, ನಾನು ಕೇಳಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ ನಮ್ಮ ಸಾಲಿನ ಸರದಿ ಬಂದಾಗ ನಾನು ಏಳಲಿಲ್ಲ. ಅಪ್ಪನ ಅನುಕರಣೆಯೇ ಇದೂ ಎಂಬ ಗುಮಾನಿ ಇತ್ತು, ಆದರೂ ಕಾಲು ಏಳಲಿಲ್ಲ. ಪಕ್ಕದಲ್ಲಿ ಅವಳು ಹಾಡಿನ ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. ಅವಳು ಯಾಕೆ ಏಳಲಿಲ್ಲವೆಂದು ನಾನು ಊಹಿಸುವುದಿಲ್ಲ. ಮಗಳು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಮೊಣಕಾಲು ಪಕ್ಕಕ್ಕೆ ಸರಿಸಿ, ಒಳಗೆ ಕೂತಿದ್ದ ಅಜ್ಜಿಗೆ ಹೋಗಲು ದಾರಿ ಬಿಟ್ಟಳು.