ಸೀಟಿ ಇಲ್ಲದ ಆಟ

ಬೆಂಗಳೂರಿನಲ್ಲಿ ಎರಡು ದಿನ ನಡೆಯಲಿದ್ದ ಅಲ್ಟಿಮೇಟ್ ಫ್ರಿಸ್ಬಿ ಆಟಗಾರರ ಮತ್ತು ತರಬೇತುದಾರರ ಸಮಾವೇಶಕ್ಕೆ ಕುಷ್ಟಗಿ ತಾಲ್ಲೂಕಿನ ಹೈಸ್ಕೂಲೊಂದರ ಡ್ರಿಲ್ ಮಾಸ್ತರರು ಹೊರಟಾಗ ಶಿಕ್ಷಕರ ಕೊಠಡಿಯಲ್ಲಿ ನಗೆಯೆದ್ದಿತು. “ತಾಟು ತೂರೂದು ಕಲಿಯಾಕ ಬೆಂಗಳೂರಿಗೆ ಹೋಗಬೇಕೇನ್ರಿ? ನಮ್ಮ ಮನ್ಯಾಗ ದಿನಾ ಹಾರತಾವ” ಎಂದರು ಹಿರಿಯರೊಬ್ಬರು. ಮಾಸ್ತರರೂ ನಕ್ಕು, ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರು.

ತಾಟಿನ ಮಾತು ಪೂರ್ತಿ ತಮಾಷೆಯಲ್ಲ. ಅಮೆರಿಕದ ಬ್ರಿಜ್‌ಪೋರ್ಟ್ ಊರಿನ ಫ್ರಿಸ್ಬಿ ಬೇಕರಿಯ ತಗಡಿನ ತಟ್ಟೆಗಳನ್ನು ಕಾಲೇಜು ಹುಡುಗರು ತೂರಾಡುತ್ತಿದ್ದುದರಿಂದಲೇ ಆ ಹೆಸರು. ಅದನ್ನು ತಂಡದ ಆಟವಾಗಿಸಿದವರು 1968ರಲ್ಲಿ ನ್ಯೂಜೆರ್ಸಿಯ ಕೊಲಂಬಿಯಾ ಹೈಸ್ಕೂಲಿನ ವಿದ್ಯಾರ್ಥಿಗಳು. ದೊಡ್ಡವರಲ್ಲ, ಹೈಸ್ಕೂಲ್ ಮಕ್ಕಳು! ತಂಡಕ್ಕೆ ಏಳು ಮಂದಿ, 175 ಗ್ರಾಂ ತೂಕದ ಒಂದು ಪ್ಲಾಸ್ಟಿಕ್ ತಟ್ಟೆ. ಹಿಡಿದವರು ಓಡುವಂತಿಲ್ಲ, ಹತ್ತು ಎಣಿಸುವುದರೊಳಗೆ ಎಸೆಯಬೇಕು. ಎದುರು ತುದಿಯ ಪಟ್ಟಿಯೊಳಗೆ ತಮ್ಮವರು ಹಿಡಿದರೆ ಅಂಕ.

ಮೂತಿ ತುಸು ಎತ್ತಿ ಎಸೆದ ತಟ್ಟೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ಅದನ್ನು ಮೇಲಕ್ಕೊತ್ತುತ್ತದೆ. ಒಂಬತ್ತನೆಯ ತರಗತಿಯವರು ನ್ಯೂಟನ್ನನ ಮೂರನೆಯ ನಿಯಮವನ್ನು ನೆನೆಯಲಿ. ಆದರೆ ಅಷ್ಟರಿಂದಲೇ ಅದು ದೂರ ಹೋಗದು. ಒತ್ತಡ ತಟ್ಟೆಯ ನಟ್ಟನಡುವೆ ಬೀಳದೆ ತುಸು ಮುಂದೆ ಬೀಳುವುದರಿಂದ, ಎರಡು ಮಾರು ಹೋಗಿ ಪಲ್ಟಿ ಹೊಡೆಯುತ್ತದೆ. ಮಣಿಕಟ್ಟು ಕೊಡುವ ಗಿರಕಿಯೇ ಅದನ್ನು ಕಾಯುವುದು. ನಿಂತ ಬುಗುರಿ ಉರುಳುತ್ತದೆ, ತಿರುಗುವ ಬುಗುರಿ ನಿಲ್ಲುತ್ತದೆಯಲ್ಲವೆ, ಹಾಗೆ.

ಸಮಾವೇಶದಲ್ಲಿ ಮಾಸ್ತರರನ್ನು ಕಾಡಿದ್ದು ಇದಾವುದೂ ಅಲ್ಲ. ಈ ಆಟಕ್ಕೆ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ತೀರ್ಪುಗಾರನಿಲ್ಲ! ಫೌಲ್ ಆದರೆ ಆಟಗಾರನೇ ಕೂಗಬೇಕು, ಎದುರಾಳಿ ಒಪ್ಪಬೇಕು ಇಲ್ಲವೆ ಅಲ್ಲಗಳೆಯಬೇಕು. ಒಪ್ಪಂದವಾಗದಿದ್ದರೆ ತಟ್ಟೆ ಎಸೆದವನ ಕೈಗೆ ಮರಳುತ್ತದೆ. ಪಂದ್ಯ ಮುಗಿದ ಮೇಲೆ ನಿಯಮಪಾಲನೆ, ಸಂಯಮ ಮುಂತಾದ ಐದು ಬಾಬತ್ತಿಗೆ ಒಂದೊಂದಕ್ಕೆ ನಾಲ್ಕರಂತೆ ಎದುರು ತಂಡಕ್ಕೆ ಅಂಕ ಕೊಡಬೇಕು. ಸೀಟಿಯನ್ನು ಇಪ್ಪತ್ತು ವರ್ಷ ಕೊರಳಿಗೆ ಹಾಕಿಕೊಂಡವರು ಸುಮ್ಮನಿದ್ದಾರೆಯೇ? ಕಬಡ್ಡಿಯಲ್ಲಿ ಮುಟ್ಟಿದ, ಮುಟ್ಟಿಲ್ಲ ಎಂದು ಊರಿಗೆ ಊರೇ ಅಂಕಣಕ್ಕಿಳಿದದ್ದನ್ನು ಕಂಡವರು ಅವರು. ಎದ್ದು ನಿಂತು ಕೇಳಿದರು: “ಸುಳ್ಳು ಹೇಳಿದರೆ?”

ತರಬೇತಿ ಕೊಡುತ್ತಿದ್ದ ಹುಡುಗಿಗೆ ಇಪ್ಪತ್ತೆರಡಿರಬಹುದು. “ಹೇಳ್ತಾರೆ ಸರ್. ಆದರೆ ದೂರದ ಅಂಪೈರ್‌ಗಲ್ಲ, ಎದುರಿಗೆ ನಿಂತವರ ಮುಖ ನೋಡಿ ಹೇಳಬೇಕು.”

ಊರಿಗೆ ಮರಳಿ ಹುಡುಗ ಹುಡುಗಿಯರ ಕೂಡುತಂಡ ಕಟ್ಟಿದಾಗ ತಕರಾರು ಎದ್ದಿತು. ಯಲಬುರ್ಗಾ ಕಡೆಯಿಂದ ಬಂದು ನೆಲೆಸಿದ ರೈತರೊಬ್ಬರ ಮಗಳು ಹತ್ತನೆಯ ತರಗತಿಯವಳು, ಓಟದಲ್ಲಿ ಎಲ್ಲರಿಗಿಂತ ಮುಂದು. “ಪರೀಕ್ಷಾ ವರ್ಷರಿ, ಮ್ಯಾಲ ಹುಡುಗರ ಕೂಡ ಆಟ. ಬ್ಯಾಡ” ಎಂದರು ತಂದೆ. ತಂದೆಯ ಅಂಜಿಕೆಯನ್ನು ಹಳ್ಳಿಯ ಅಜ್ಞಾನವೆಂದು ತಳ್ಳಿಹಾಕುವವರು ಹಳ್ಳಿಯಲ್ಲಿ ಹೆಣ್ಣುಮಕ್ಕಳನ್ನು ಬೆಳೆಸಿದವರಲ್ಲ. ಮಾಸ್ತರರು ವಾದಿಸಲಿಲ್ಲ. ಒಮ್ಮೆ ಬಂದು ನೋಡಿರೆಂದರು.

ಅವರು ಬಂದು ಬೇವಿನ ಮರದ ಕೆಳಗೆ ಕುಳಿತರು. ಎರಡೂ ಕಡೆ ಸಮಸಮ, ಕೊನೆಯ ಅಂಕ. ಮಗಳು ಮೂಲೆಯಲ್ಲಿ ತಟ್ಟೆ ಹಿಡಿದಳು, ಗೆದ್ದೆವೆಂದು ಹುಡುಗರು ಕುಣಿದರು. ಅವಳು ತಲೆಯಲ್ಲಾಡಿಸಿದಳು. ಕಾಲು ಗೆರೆ ತುಳಿದಿತ್ತು, ಈ ಆಟದಲ್ಲಿ ಗೆರೆಯೆಂದರೆ ಹೊರಗೇ. ತಟ್ಟೆ ಎದುರಾಳಿಗಳ ಪಾಲಾಯಿತು, ಪಂದ್ಯವೂ ಹೋಯಿತು. ಅವಳ ತಂಡದವರು ಆ ದಿನ ಅವಳೊಡನೆ ಮಾತಾಡಲಿಲ್ಲ.

“ಯಾರೂ ನೋಡಿದ್ದಿಲ್ಲಲ್ಲಬೇ?” ಎಂದು ತಂದೆ ಕೇಳಿದರು. ಅವಳು ಉತ್ತರಿಸದೆ ಚಪ್ಪಲಿ ಹುಡುಕತೊಡಗಿದಳು.

ಬಹಳ ಹೊತ್ತು ಸುಮ್ಮನಿದ್ದು ಅವರು ಮಾಸ್ತರರ ಕಡೆ ತಿರುಗಿದರು. “ಪರೀಕ್ಷಾ ಮುಗಿಯೂತನಕ ಆಯ್ತವಾರ ಒಂದ ದಿನ. ಮುಂಜಾನೆ ಲಗೂನ ಆಡಸ್ರಿ, ಬಿಸಲೇರಿದ ಮ್ಯಾಲ ಗಾಳಿ ಏಳತೈತಿ. ಆವಾಗ ಜ್ವಾಳ ತೂರಬೇಕು, ತಾಟಲ್ಲ.”