ಒಂದನೇ ನಂಬರಿನ ಹ್ಯಾಂಡ್‌ಸೆಟ್

2023 ಜೂನ್ 8, ಗುರುವಾರ. ಶ್ರೀನಿವಾಸಪುರ

ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರಕ್ಕೆ ಕೆಲಸಕ್ಕೆ ಹೋಗಲೇಬಾರದು. ಹೋಗಲೇಬೇಕಿದ್ದರೆ ಬೆಳಗ್ಗೆ ಏಳರೊಳಗೆ ಹೋಗಿ ಸೇರಬೇಕು. ಹತ್ತು ಗಂಟೆಗೆ ಮಂಡಿಗಳ ಮುಂದೆ ಟ್ರ್ಯಾಕ್ಟರು, ಲಾರಿ, ಬಾದಾಮಿ ಮಾವಿನ ರಾಶಿ, ನೆಲ್ಲುಹುಲ್ಲು. ಸ್ಕೂಟರ್ ನಿಲ್ಲಿಸಲೂ ಜಾಗವಿಲ್ಲ. ಒಂದು ಮಾವಿನ ಮಂಡಿಗೆ ಎರಡು ಹ್ಯಾಂಡ್‌ಸೆಟ್ಟಿನ ಕಾರ್ಡ್‌ಲೆಸ್ ಫೋನ್ ಹಾಕಿ ಬಂದೆ.

ಎಲ್ಲ ಯಜಮಾನರ ಮೊದಲ ಪ್ರಶ್ನೆ ಒಂದೇ. “ಎಷ್ಟು ದೂರ ಬತ್ತದಪ್ಪಾ? ನಮ್ ತೋಪಿನ ತಂಕ ಬತ್ತದಾ?” ಈ ಮಂಡಿಯವರ ತೋಪು ರೋಣೂರಿನ ಆಚೆ. ಡಬ್ಬದ ಮೇಲೆ ಬಯಲಲ್ಲಿ 300 ಮೀಟರ್, ಕಟ್ಟಡದೊಳಗೆ 50 ಮೀಟರ್ ಎಂದು ಅಚ್ಚಾಗಿರುತ್ತದೆ. ಜನ ಮೊದಲನೆಯ ಅಂಕಿಯನ್ನಷ್ಟೇ ಓದುತ್ತಾರೆ. ಬಯಲು ಎಂದರೆ ನಡುವೆ ಒಂದು ಗೋಡೆಯೂ ಇರಬಾರದು. ಇಲ್ಲಿ ಕಲ್ಲಿನ ಗೋಡೆ, ಕಬ್ಬಿಣದ ಷಟರು, ತಗಡಿನ ಮಾಡು.

ಬೇಸ್ ಇಡಲು ಕಬ್ಬಿಣದ ಬೀರುವಿನ ಮೇಲೆ, ಲಕ್ಷ್ಮಿ ಫೋಟೋದ ಕೆಳಗೆ ಜಾಗ ಮಾಡಿ, ಒರೆಸಿ ಅರಿಶಿನ ಕುಂಕುಮವನ್ನೂ ಇಟ್ಟಿದ್ದರು. ಬೇಡವೆನ್ನಲು ಬಾಯಿ ಬರುವುದಿಲ್ಲ, ಆದರೂ ಅಂದೆ. ಕಬ್ಬಿಣದ ಬೀರು ಸಿಗ್ನಲ್ ನುಂಗುತ್ತದೆ. ಗಲ್ಲಾಪೆಟ್ಟಿಗೆಗೂ ತೂಕದ ಜಾಗಕ್ಕೂ ನಡುವಿನ ಕಂಬದಲ್ಲಿ ಒಂದು ಮರದ ಹಲಗೆ ಇತ್ತು, ಆಳೆತ್ತರದಲ್ಲಿ. ಅಲ್ಲಿಟ್ಟೆ. ವೈ-ಫೈ ಡಬ್ಬಿಯನ್ನು ಗೋಡೆಯ ಆ ತುದಿಗೆ ಸರಿಸಿದೆ. ಇವರು ತಂದಿಟ್ಟಿದ್ದ ಮಾದರಿ 2.4 ಗಿಗಾಹರ್ಟ್ಸ್‌ನದು, ವೈ-ಫೈಯದೂ ಅದೇ ದಾರಿ. ಎರಡನ್ನೂ ಒಟ್ಟಿಗಿಟ್ಟರೆ ಮಾತಿನ ನಡುವೆ ಕರಕರ. ಕೊಳ್ಳುವ ಮುಂಚೆ ಕೇಳಿದ್ದರೆ ಡೆಕ್ಟ್ ಮಾದರಿ ತನ್ನಿ ಎನ್ನುತ್ತಿದ್ದೆ. ಅದು 1.88ರಿಂದ 1.90 ಗಿಗಾಹರ್ಟ್ಸ್‌ನಲ್ಲಿ ತನ್ನ ಪಾಡಿಗೆ ತಾನಿರುತ್ತದೆ.

ಜೋಡಿಸುವುದು ಐದು ನಿಮಿಷದ ಕೆಲಸ. ಬೇಸಿನ ಗುಂಡಿಯನ್ನು ಬೀಪ್ ಬರುವ ತನಕ ಒತ್ತಿ ಹಿಡಿ, ಹ್ಯಾಂಡ್‌ಸೆಟ್ಟಿನ ಮೆನುವಿನಲ್ಲಿ ರಿಜಿಸ್ಟರ್ ಆರಿಸು, ಪಿನ್ ಕೇಳಿದರೆ ನಾಲ್ಕು ಸೊನ್ನೆ ಒತ್ತು. ಮೊದಲು ಸೇರಿದ್ದು ಒಂದನೇ ನಂಬರು, ಆಮೇಲಿನದು ಎರಡು. ಜಗಳ ಹುಟ್ಟುವುದು ಇಲ್ಲೇ. ಮಂಡಿಯ ಲೆಕ್ಕ ಬರೆಯುವ ರೈಟರ್ ಕೈಯಲ್ಲಿದ್ದ ಹ್ಯಾಂಡ್‌ಸೆಟ್ಟನ್ನು ಮೊದಲು ಸೇರಿಸಿಬಿಟ್ಟಿದ್ದೆ. ಯಜಮಾನರು ಪರದೆ ನೋಡಿ, “ನಂದು ಎರಡನೇದಾ?” ಅಂದರು. ಆ ನಂಬರು ಇಂಟರ್‌ಕಾಮ್‌ನಲ್ಲಿ ಒಬ್ಬರನ್ನೊಬ್ಬರು ಕರೆಯಲು ಮಾತ್ರ, ಹೊರಗಿನ ಕರೆ ಎರಡರಲ್ಲೂ ಒಟ್ಟಿಗೇ ಬಾರಿಸುತ್ತದೆ ಎಂದು ಹೇಳಿ ನೋಡಿದೆ. ಮುಖ ಸಡಿಲವಾಗಲಿಲ್ಲ. ಎರಡನ್ನೂ ಅಳಿಸಿ ಮತ್ತೆ ಸೇರಿಸಿದೆ, ಯಜಮಾನರದು ಒಂದು.

ಬರುವ ಕರೆಯೆಲ್ಲ ರೈಟರಿಗೇ. ಇವತ್ತಿನ ರೇಟೆಷ್ಟು, ನಮ್ಮ ಪಟ್ಟಿ ಆಯಿತಾ, ಗಾಡಿ ಹೊರಟಿತಾ. ಯಜಮಾನರು ಊಟಕ್ಕೆ ಮನೆಗೆ ಹೋಗುವಾಗ ಒಂದನೇ ನಂಬರೂ ಜೇಬಿನಲ್ಲೇ ಹೋಯಿತು. ಮನೆ ಮೂರು ಬೀದಿಯಾಚೆ.

ಬ್ಯಾಟರಿಯನ್ನು ಮೊದಲ ಸಲ ರಾತ್ರಿಯಿಡೀ ಚಾರ್ಜಿಗಿಡಿ ಎಂದು ಬರೆದುಕೊಟ್ಟು ಬಂದಿದ್ದೇನೆ. ಇಡುತ್ತಾರೆಂಬ ನಂಬಿಕೆಯಿಲ್ಲ.

ಜೂನ್ 12, ಸೋಮವಾರ. ಮುಳಬಾಗಿಲು

ಹೆಂಗಸರಿಗೆ ಬಸ್ಸು ಉಚಿತವಾಗಿಸಿದ ಶಕ್ತಿ ಯೋಜನೆ ನಿನ್ನೆ ಶುರುವಾಯಿತು. ಇವತ್ತು ಬಸ್ಸಿನಲ್ಲಿ ಗಂಡಸರಿಗೆ ನಿಲ್ಲುವ ಜಾಗವೂ ಇಲ್ಲ. ಕುರುಡುಮಲೆ ಗಣಪತಿಗೆ ಹೊರಟ ಅಮ್ಮಂದಿರ ದೊಡ್ಡ ಗುಂಪು, ಹಾಡು ಬೇರೆ. ನಿಂತೇ ಮುಳಬಾಗಿಲು ಸೇರಿದೆ, ಬೇಸರವಾಗಲಿಲ್ಲ. ಇಳಿದು ಮೊದಲು ದೋಸೆ.

ವಕೀಲರ ಕಚೇರಿ. ಮುಂದಿನ ಕೋಣೆಯಲ್ಲಿ ಕಕ್ಷಿದಾರರ ಬೆಂಚು, ಗುಮಾಸ್ತ, ಒಬ್ಬ ಜೂನಿಯರ್, ಒಳಕೋಣೆಯಲ್ಲಿ ವಕೀಲರು. ಇವರು ದೂರ ಕೇಳಲಿಲ್ಲ. “ನಾನು ಮಾತಾಡಿದ್ದು ಇನ್ನೊಬ್ಬನಿಗೆ ಕೇಳುತ್ತೇನ್ರೀ?” ಎಂದರು. ಎಷ್ಟೋ ವರ್ಷದಲ್ಲಿ ಕೇಳಿದ ಸರಿಯಾದ ಪ್ರಶ್ನೆ.

ಅವರ ಅನುಮಾನಕ್ಕೆ ಕಾರಣವಿದೆ. ಮೊದಮೊದಲು ಬಂದ ಉದ್ದ ಆಂಟೆನಾದ ಕಾರ್ಡ್‌ಲೆಸ್‌ಗಳು ಅನಲಾಗ್. ಮಾತು ಇದ್ದದ್ದು ಇದ್ದ ಹಾಗೇ ಗಾಳಿಯಲ್ಲಿ ಹೋಗುತ್ತಿತ್ತು. ಪಕ್ಕದ ಮನೆಯವರದೂ ಅದೇ ಚಾನೆಲ್ ಆದರೆ ಅವರ ಸೊಸೆಯ ಜಗಳ ನಮ್ಮ ಕಿವಿಯಲ್ಲಿ. ಡೆಕ್ಟ್ ಎಂಬುದು ಯೂರೋಪಿನಲ್ಲಿ 1992ರಲ್ಲಿ ಗೊತ್ತಾದ ಪದ್ಧತಿ. ಮಾತನ್ನು ಅಂಕಿಯಾಗಿಸಿ ತುಂಡು ಮಾಡುತ್ತದೆ. ಹತ್ತು ಮಿಲಿಸೆಕೆಂಡಿಗೆ 24 ತುಂಡು ಕಾಲ, ಬೇಸಿನಿಂದ ಬರಲು ಹನ್ನೆರಡು, ಹೋಗಲು ಹನ್ನೆರಡು. ಮಾತನ್ನು ಗೂಢಲಿಪಿ ಮಾಡುವ ಏರ್ಪಾಡೂ ಅದರಲ್ಲೇ ಇದೆ. ರೇಡಿಯೋ ತಿರುಗಿಸಿ ಕದ್ದು ಕೇಳುವ ಕಾಲ ಮುಗಿಯಿತು ಎಂದೆ. ವಕೀಲರು ಎಲ್ಲವನ್ನೂ ತಲೆ ಆಡಿಸುತ್ತ ಕೇಳಿ, “ಇದೇ ಕಚೇರಿಯಲ್ಲಿ?” ಎಂದರು.

ಅಲ್ಲೇ ಇರುವುದು ತೂತು. ಒಳಕೋಣೆಯಲ್ಲಿ ಮಾತು ನಡೆಯುವಾಗ ಮುಂಕೋಣೆಯ ಹ್ಯಾಂಡ್‌ಸೆಟ್ಟಿನಲ್ಲಿ ಹಸಿರು ಗುಂಡಿ ಒತ್ತಿದರೆ ಅದೂ ಅದೇ ಕರೆಗೆ ಸೇರಿಕೊಳ್ಳುತ್ತದೆ. ಕಾಲ್ ಶೇರಿಂಗ್ ಎಂಬ ಸೌಲಭ್ಯ. ಮನೆಗೆ ಚೆಂದ, ಅಜ್ಜಿ ಮೊಮ್ಮಗ ಇಬ್ಬರೂ ಮಾತಾಡಬಹುದು. ವಕೀಲರ ಕಚೇರಿಗಲ್ಲ. ಮೆನುವಿನ ಒಳಗೆಲ್ಲೋ ಅಡಗಿರುವ ಅದನ್ನು ಹುಡುಕಿ ಬಂದ್ ಮಾಡಿ, ಗುಮಾಸ್ತನಿಂದಲೇ ಒತ್ತಿಸಿ ತೋರಿಸಿದೆ. ಬೀಪ್ ಬಂತು, ಮಾತು ಬರಲಿಲ್ಲ. ಗುಮಾಸ್ತ ಸ್ವಲ್ಪ ಸಪ್ಪಗಾದ ಹಾಗೆ ಕಂಡಿತು. ನನ್ನ ಕಣ್ಣಿನ ದೋಷವೂ ಇರಬಹುದು.

ಇವರು ಹಳೆಯ ಕಪ್ಪು ಐಟಿಐ ಫೋನನ್ನು ಎಸೆದಿಲ್ಲ. ಅದು ಹುಟ್ಟಿದ್ದು ನಮ್ಮ ರಸ್ತೆಯಲ್ಲೇ: ಇಲ್ಲಿಂದ ಬೆಂಗಳೂರಿಗೆ ಹೋಗುವ ಹಳೇ ಮದ್ರಾಸ್ ರಸ್ತೆಯ ದೂರವಾಣಿನಗರ, 1948ರಲ್ಲಿ ಶುರುವಾದ ಕಾರ್ಖಾನೆ. ಅದನ್ನೂ ಅದೇ ಲೈನಿಗೆ ಸೇರಿಸಿ ಕಪಾಟಿನ ಕೆಳಗಿಟ್ಟೆ. ಇಲ್ಲಿ ಇನ್ನೂ ತಾಮ್ರದ ತಂತಿ ಇದೆ. ಎಕ್ಸ್‌ಚೇಂಜ್‌ನ 48 ವೋಲ್ಟ್ ಅದರಲ್ಲೇ ಬರುತ್ತದೆ. ಕರೆಂಟು ಹೋದರೆ ಕಾರ್ಡ್‌ಲೆಸ್ಸಿನ ಬೇಸ್ ಸತ್ತ ಹಾಗೆ, ಕಪ್ಪು ಫೋನು ಮಾತ್ರ ಬಾರಿಸುತ್ತಿರುತ್ತದೆ. ಡಯಲ್ ತಿರುಗಿಸಿದರೆ ಈಗಿನ ಎಕ್ಸ್‌ಚೇಂಜ್ ಒಪ್ಪುತ್ತದೋ ಇಲ್ಲವೋ, ಬಂದ ಕರೆ ಎತ್ತಲಂತೂ ಅಡ್ಡಿಯಿಲ್ಲ.

ಹ್ಯಾಂಡ್‌ಸೆಟ್ ಒಂದು ಯಾರದೆಂದು ಕೇಳಿದೆ. “ಗುಮಾಸ್ತನಿಗೇ ಇರಲಿ, ನನ್ನನ್ನು ಕರೆಯುವವನು ಅವನು ತಾನೆ,” ಎಂದರು.

ಜೂನ್ 15, ಗುರುವಾರ

ಶ್ರೀನಿವಾಸಪುರದಿಂದ ಕರೆ. ಯಜಮಾನರ ಹ್ಯಾಂಡ್‌ಸೆಟ್ ಬಿಸಿಯಾಗುತ್ತದಂತೆ. ಯಾವ ಸೆಲ್ ಹಾಕಿದ್ದೀರಿ ಎಂದರೆ, ಗೋಡೆ ಗಡಿಯಾರಕ್ಕೆ ಹಾಕುವ ಜಾತಿಯದೇ, ಸಣ್ಣದು, ಅಂಗಡಿಯಲ್ಲಿ ಸಿಕ್ಕಿತು ಎಂದರು. ಕೂಡಲೇ ತೆಗೆಸಿದೆ. ಅದು ಚಾರ್ಜ್ ಆಗುವ ಸೆಲ್ ಅಲ್ಲ. ಚಾರ್ಜಿನ ತೊಟ್ಟಿಲಲ್ಲಿಟ್ಟರೆ ಸೋರಬಹುದು, ಒಡೆಯಲೂಬಹುದು. ಬೇಕಾದದ್ದು ನಿಕಲ್ ಮೆಟಲ್ ಹೈಡ್ರೈಡ್, ತಲಾ 1.2 ವೋಲ್ಟ್, ಎರಡು. ಡಬ್ಬದಲ್ಲಿ ಬಂದಿದ್ದವು ಎಲ್ಲಿ? ಮೊಮ್ಮಗನ ಕಾರಿನಲ್ಲಿ.

ಜೂನ್ 20, ಮಂಗಳವಾರ. ಮಾಲೂರು

ನಿನ್ನೆಯಿಂದ ಆಷಾಢ. ಗಾಳಿಗೆ ಇಟ್ಟಿಗೆ ಗೂಡಿನ ಬೂದಿಯೆಲ್ಲ ಕಣ್ಣಿಗೆ. ಮಾಲೂರಿನ ಹೆಂಚಿಗೆ ಒಂದು ಕಾಲದಲ್ಲಿ ಇದ್ದ ಗಿರಾಕಿ ಈಗಿಲ್ಲ, ಆರ್‌ಸಿಸಿ ಮನೆ ಬಂದ ಮೇಲೆ ಹೆಂಚು ಯಾರಿಗೆ ಬೇಕು. ಆದರೂ ಕೆಲವರು ಬಿಟ್ಟಿಲ್ಲ. ಇವತ್ತು ಹೋದದ್ದು ಅಂಥ ಒಂದು ಕಾರ್ಖಾನೆಗೆ. ಯಜಮಾನ ಹುಡುಗ, ಬೆಂಗಳೂರಿನಲ್ಲೇ ಹೆಚ್ಚು. ಲೆಕ್ಕ, ಲೋಡು, ಕೂಲಿ ಎಲ್ಲ ನೋಡುವುದು ಅಕೌಂಟೆಂಟ್ ಅಮ್ಮ.

ಇಲ್ಲಿ ತಾಮ್ರ ಹೋಗಿ ಫೈಬರ್ ಬಂದಿದೆ. ನಂಬರು ಹಳೆಯದೇ ಉಳಿದಿದೆ, ಅದೇ ಇವರಿಗೆ ಮುಖ್ಯ. ಬಿಲ್ಲು, ಲೆಟರ್‌ಹೆಡ್ಡು, ಹಳೆಯ ಗಿರಾಕಿಯ ಡೈರಿ ಎಲ್ಲದರಲ್ಲೂ 08151 ಹಾಕಿ ಆ ನಂಬರೇ. ಫೈಬರ್ ಡಬ್ಬಿಯ ಹಿಂದೆ ಫೋನಿಗೆ ಬೇರೆ ತೂತಿದೆ, ಟೆಲ್ ಎಂದು ಬರೆದಿರುತ್ತದೆ. ಯಾರೋ ಬೇಸಿನ ವೈರನ್ನು ಇಂಟರ್ನೆಟ್ಟಿನ ದೊಡ್ಡ ತೂತಿಗೆ ತುರುಕಿ ಡಯಲ್‌ಟೋನ್ ಇಲ್ಲವೆಂದು ಕೂತಿದ್ದರು. ಅದು ಸರಿಹೋಗಲು ನಿಮಿಷ ಸಾಕಾಯಿತು.

ಕರೆಂಟಿನದು ಅಷ್ಟು ಸುಲಭವಲ್ಲ. ಫೈಬರಿನಲ್ಲಿ ಎಕ್ಸ್‌ಚೇಂಜಿನಿಂದ ವಿದ್ಯುತ್ ಬರುವುದಿಲ್ಲ, ಗಾಜಿನ ಎಳೆಯಲ್ಲಿ ಬೆಳಕಷ್ಟೇ ಬರುತ್ತದೆ. ಕರೆಂಟು ಹೋದರೆ ಡಬ್ಬಿಯೂ ಬೇಸೂ ಎರಡೂ ಒಟ್ಟಿಗೆ ಮಲಗುತ್ತವೆ. ಮುಳಬಾಗಿಲಿನ ಕಪ್ಪು ಫೋನಿನ ಉಪಾಯ ಇಲ್ಲಿ ನಡೆಯದು. ಸಣ್ಣ ಯುಪಿಎಸ್ ತಂದಿದ್ದರು, 12 ವೋಲ್ಟಿನದು, ಡಬ್ಬಿಗೆ ಸರಿ. ಅದರ ಇನ್ನೊಂದು ಪಿನ್ನನ್ನು ಬೇಸಿಗೂ ಹಾಕಿಬಿಡಿ ಎಂದು ಅಮ್ಮ ಅಂದರು. ಬೇಸಿನ ಅಡಾಪ್ಟರಿನ ಮೇಲೆ ಬರೆದಿರುವುದು ಐದೂವರೆ ವೋಲ್ಟ್. ಪಿನ್ ಹೊಂದುತ್ತದೆ, ಬೇಸ್ ಸುಡುತ್ತದೆ. ಹೊಂದಿದ್ದೆಲ್ಲ ಹಾಕಬಾರದು ಎಂದು ಅಡಾಪ್ಟರುಗಳ ಮೇಲೆ ಬಿಳಿ ಪಟ್ಟಿ ಅಂಟಿಸಿ ದೊಡ್ಡದಾಗಿ ಬರೆದೆ. ಬೇಸಿಗೆ ಕಂಪ್ಯೂಟರಿನ ಯುಪಿಎಸ್ಸಿನ ಹಿಂದೆ ಖಾಲಿ ಇದ್ದ ಪಾಯಿಂಟಿನಿಂದ ಕೊಟ್ಟೆ.

ಗೂಡಿನ ಹತ್ತಿರ ಮಾತು ಕಡಿಯುತ್ತಿತ್ತು. ಸುಟ್ಟ ಇಟ್ಟಿಗೆಯ ದಪ್ಪ ಗೋಡೆಯನ್ನು ದಾಟಲು ಇದರ ಶಕ್ತಿ ಸಾಲದು; ಡೆಕ್ಟ್ ಹ್ಯಾಂಡ್‌ಸೆಟ್ ಹೆಚ್ಚೆಂದರೆ ಒಂದು ಕ್ಷಣಕ್ಕೆ 250 ಮಿಲಿವ್ಯಾಟ್ ಬಿಡುತ್ತದೆ, ಸರಾಸರಿ ತೆಗೆದರೆ ಹತ್ತು. ರಿಪೀಟರ್ ಎಂಬುದು ಸಿಗುತ್ತದೆ, ನಡುದಾರಿಯಲ್ಲಿಟ್ಟರೆ ಇನ್ನಷ್ಟು ದೂರ ಹೋಗುತ್ತದೆ. ಆದರೆ ಗೂಡಿನವರ ಕೈಯಲ್ಲಿ ಹೇಗೂ ಮೊಬೈಲಿದೆ. ದುಡ್ಡು ಉಳಿಸಿ ಎಂದೆ. ಎರಡನೇ ಹ್ಯಾಂಡ್‌ಸೆಟ್ಟನ್ನು ಲೋಡಿಂಗ್ ಷೆಡ್ಡಿಗೆ ಕೊಟ್ಟಾಯಿತು, ಅಲ್ಲಿಗೆ ಸ್ಪಷ್ಟವಾಗಿ ಬರುತ್ತದೆ.

ಒಂದನೇದನ್ನು ಯಜಮಾನರ ಮೇಜಿನ ಮೇಲಿಡಲು ಹೇಳಿದ್ದರಂತೆ. ಖಾಲಿ ಕುರ್ಚಿಯ ಮುಂದೆ ಇಟ್ಟೆ. ಬೇಸಿನಲ್ಲಿರುವ, ಹ್ಯಾಂಡ್‌ಸೆಟ್ ಹುಡುಕುವ ಗುಂಡಿಯನ್ನು ಒಂದು ಸಲ ಒತ್ತಿ, ಎರಡೂ ಕೂಗುವುದನ್ನು ತೋರಿಸಿದೆ. ಅಮ್ಮ ನಕ್ಕರು. “ಅದೊಂದು ಕಳೆಯಲ್ಲ ಬಿಡಿ, ಅಲ್ಲೇ ಇರುತ್ತೆ.”

ಜುಲೈ 2, ಭಾನುವಾರ

ಮನೆಯಲ್ಲೇ. ಹಳೆಯ ಅಡಾಪ್ಟರುಗಳನ್ನು ವೋಲ್ಟಿನ ಪ್ರಕಾರ ಬೇರೆ ಮಾಡಿದೆ. ಅಳಿಯ ಬಂದಿದ್ದ. ಮಾವ, ಎಲ್ಲರ ಜೇಬಲ್ಲೂ ಮೊಬೈಲ್ ಇರುವಾಗ ಇದನ್ನು ಯಾರು ಹಾಕಿಸುತ್ತಾರೆ ಎಂದು ಕೇಳಿದ. ಮೊಬೈಲ್ ಮನುಷ್ಯನ ಜೊತೆ ಹೋಗುತ್ತದೆ. ರೈಟರ್ ಕೆಲಸ ಬಿಟ್ಟು ಪಕ್ಕದ ಮಂಡಿಗೆ ಸೇರಿದರೆ ರೈತರ ಕರೆಗಳೂ ಅವನ ಜೇಬಿನಲ್ಲೇ ಪಕ್ಕದ ಮಂಡಿಗೆ ಸೇರುತ್ತವೆ. ಕಚೇರಿಗೊಂದು ನಂಬರು ಬೇಕು.

ಅವನಿಗೆ 1986ರಲ್ಲಿ ಕಿತ್ತೂರಿನಲ್ಲಿ ಸರ್ಕಾರಿ ದೂರಸಂಪರ್ಕ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್, 128 ಲೈನಿನದು, ಕೂತದ್ದನ್ನು ಹೇಳಿದೆ. ಮದ್ರಾಸ್ ಐಐಟಿಯವರು ಇದೇ ಡೆಕ್ಟ್ ಹಿಡಿದು ಹಳ್ಳಿಗಳಿಗೆ ತಂತಿಯಿಲ್ಲದೆ ಫೋನು ಮುಟ್ಟಿಸಲು ಕಾರ್‌ಡೆಕ್ಟ್ ಮಾಡಿದ್ದನ್ನೂ ಹೇಳಿದೆ. ಅಷ್ಟರಲ್ಲಿ ಅವನಿಗೊಂದು ಕರೆ ಬಂತು.

ಜುಲೈ 12, ಬುಧವಾರ. ಕೋಲಾರ

ಎಪಿಎಂಸಿಯಲ್ಲಿ ಟೊಮೇಟೊ ಬಿಟ್ಟು ಬೇರೆ ಮಾತಿಲ್ಲ. ಒಳ್ಳೆ ಮಾಲು 15 ಕೆಜಿಯ ಬಾಕ್ಸು ಎರಡು ಸಾವಿರದ ಆಸುಪಾಸು. ಬೆಲೆ ಬಿದ್ದ ವರ್ಷ ಇದೇ ಹಣ್ಣನ್ನು ರಸ್ತೆಗೆ ಸುರಿದವರೇ ಈಗ ತೋಟಕ್ಕೆ ರಾತ್ರಿ ಕಾವಲು ಹಾಕಿದ್ದಾರೆ.

ನಾನು ಹೋದ ಮಂಡಿಯಲ್ಲಿ ಒಳಗಿನ ಫೋನುಗಳನ್ನು ಕೂಡಿಸುವ ಇಪಿಎಬಿಎಕ್ಸ್ ಬೋರ್ಡು ಇದೆ, ಅದರ ಒಂದು ಎಕ್ಸ್‌ಟೆನ್ಷನ್ನಿಗೆ ಕಾರ್ಡ್‌ಲೆಸ್. ಹರಾಜಿನ ಅಂಗಳದಲ್ಲಿ ನಿಂತವನು ಕರೆ ಎತ್ತಿ ಒಳಗಿನ ಲೆಕ್ಕದವರಿಗೆ ದಾಟಿಸಬೇಕು. ದಾಟಿಸುತ್ತಿದ್ದಂತೆ ಕರೆ ಕಡಿಯುತ್ತಿದೆ ಎಂಬುದು ದೂರು. ಫೋನು ಹಾಳಾಗಿದೆಯೆಂದು ಹೊಸದು ಕೊಳ್ಳಲು ಹೊರಟಿದ್ದರು. ತಪ್ಪು ಫ್ಲ್ಯಾಶ್ ಸಮಯದ್ದು. ಆರ್ ಗುಂಡಿ ಒತ್ತಿದಾಗ ಲೈನು ಕಣ್ಣುರೆಪ್ಪೆ ಬಡಿದಷ್ಟು ಹೊತ್ತು ಕಡಿದು ಕೂಡುತ್ತದೆ. ಆ ಹೊತ್ತು ಕಡಿಮೆಯಾದರೆ ಬೋರ್ಡಿಗೆ ತಿಳಿಯದು, ಹೆಚ್ಚಾದರೆ ಫೋನ್ ಇಟ್ಟುಬಿಟ್ಟರು ಎಂದುಕೊಂಡು ಕರೆ ಬಿಡುತ್ತದೆ. ಮೆನುವಿನಲ್ಲಿ ಇಳಿಸಿ 600 ಮಿಲಿಸೆಕೆಂಡಿಗೆ ತಂದಾಗ ಬೋರ್ಡು ಒಪ್ಪಿತು.

ಆಮೇಲೆ ಫೋನ್‌ಬುಕ್. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮುಂದೆ ಸೊನ್ನೆ ಒತ್ತಬೇಕು. ಇಲ್ಲಿ ಬೋರ್ಡಿನಿಂದ ಹೊರಗಿನ ಲೈನ್ ಹಿಡಿಯಲೂ ಸೊನ್ನೆ. ಹಾಗಾಗಿ ಒಂದು ಸೊನ್ನೆ, ಒಂದು ಪಾಜ್ (ಕ್ಷಣದ ತಡೆ), ಇನ್ನೊಂದು ಸೊನ್ನೆ, ಆಮೇಲೆ ಹತ್ತು ಅಂಕಿ. ಪಾಜ್ ಹಾಕದಿದ್ದರೆ ಲೈನು ಸಿಗುವ ಮೊದಲೇ ಅಂಕಿಗಳು ಓಡಿಹೋಗಿರುತ್ತವೆ. ರೈತರು, ಲಾರಿಯವರು, ದೂರದ ವ್ಯಾಪಾರಿಗಳು, ಎಲ್ಲರನ್ನೂ ಹೀಗೆ ಕೂಡಿಸುವಷ್ಟರಲ್ಲಿ ಮಧ್ಯಾಹ್ನ. ಟೀ ಮೇಲೆ ಟೀ ಬಂತು, ಊಟದ ಮಾತನ್ನು ಯಾರೂ ಎತ್ತಲಿಲ್ಲ.

ಇಲ್ಲಿನ ಯಜಮಾನರಿಗೆ ಒಂದನೇ ನಂಬರಿನ ಹಂಬಲವಿಲ್ಲ. “ನಂಗ್ಯಾಕಣ್ಣಾ, ನನ್ ಮೊಬೈಲೇ ಸಾಕಾಗೋಗೈತೆ. ಅಂಗಳದ ಹುಡುಗನ್ಗೆ ಒಂದು, ಲೆಕ್ಕದೋರ್ಗೆ ಒಂದು. ಇನ್ನೊಂದು ತಂದ್ಕೊಡು, ಗೇಟ್‌ನಾಗೆ ವಾಚ್‌ಮನ್‌ಗೆ.” ರಾತ್ರಿ ಲಾರಿಗಳು ಬಂದು ಹಾರ್ನ್ ಹಾಕುವ ಮುಂಚೆ ಫೋನ್ ಮಾಡುತ್ತವೆ, ಎತ್ತಲು ಯಾರೂ ಇರುವುದಿಲ್ಲ. ಒಂದು ಬೇಸಿಗೆ ಆರು ಹ್ಯಾಂಡ್‌ಸೆಟ್ ತನಕ ಸೇರುತ್ತವೆ, ಮೂರನೆಯದಕ್ಕೆ ತೊಂದರೆಯಿಲ್ಲ. ಒಂದು, ಎರಡಕ್ಕೆ ನೈಟ್ ಮೋಡ್ ಹಾಕಿದೆ; ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರ ತನಕ ಬಾಯಿ ಬಿಡವು. ವಾಚ್‌ಮನ್‌ನದು ಮಾತ್ರ ಬಾರಿಸುತ್ತದೆ.

ಗೇಟಿನ ಕೋಣೆಗೆ ಹ್ಯಾಂಡ್‌ಸೆಟ್ ಹಿಡಿದು ಹೋಗಿ ಮಾತಾಡಿ ನೋಡಿದೆ, ಬರುತ್ತದೆ. ಆದರೆ ಅಲ್ಲಿರುವುದು ಒಂದು ಬಲ್ಬು ಮಾತ್ರ, ತೊಟ್ಟಿಲಿಗೆ ಪ್ಲಗ್ ಪಾಯಿಂಟ್ ಇಲ್ಲ. ಎಲೆಕ್ಟ್ರಿಷಿಯನ್‌ಗೆ ಹೇಳಿ ಬಂದಿದ್ದೇನೆ. ಶನಿವಾರ ಹೋಗುವಾಗ ಸೆಲ್ಲುಗಳನ್ನು ಮನೆಯಲ್ಲೇ ಚಾರ್ಜ್ ಮಾಡಿ ಒಯ್ಯಬೇಕು.