ಕಿಟಕಿಯ ಬಳಿಯ ಮೇಜು

ಬೆಂಗಳೂರಿನ ಉತ್ತರಹಳ್ಳಿಯ ನನ್ನ ಮನೆಯ ಮೂಡಣ ಕಿಟಕಿಯ ಬಳಿ ಒಂದು ಮೇಜಿದೆ. ಅದರ ಮೇಲೆ ಬಿಳಿಯ ಕಾಗದವನ್ನು ಹಾಸಿ, ಚಿಮುಟ, ಸಣ್ಣ ಸ್ಕ್ರೂಡ್ರೈವರುಗಳು, ಎಣ್ಣೆಯ ಬಟ್ಟಲು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ಇಷ್ಟನ್ನೂ ಅಣಿಮಾಡಿಕೊಂಡು, ಬೆಳಗಿನ ಕಾಫಿಯಾದ ಬಳಿಕ ಎಂಟು ಗಂಟೆಗೆ ಕುಳಿತೆನೆಂದರೆ, ಬಿಸಿಲು ಮೇಜಿನ ಅಂಚನ್ನು ಬಿಟ್ಟು ಜಾರುವವರೆಗೂ ಕೈಗಡಿಯಾರಗಳನ್ನು ಬಿಚ್ಚಿ ಜೋಡಿಸುತ್ತಿರುವುದು ಕಳೆದ ಇಪ್ಪತ್ತೈದು ವರ್ಷಗಳಿಂದ ನನಗೆ ನಿತ್ಯಾಹ್ನಿಕದಂತೆ ನಡೆದುಬಂದಿದೆ. "ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಇದನ್ನೇ ಮಾಡಿದ್ದು ಸಾಲದೆ?" ಎಂದು ಮನೆಯವರು ಆಗಾಗ ಕೇಳುವುದುಂಟು. ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಎಂಬ ಸರ್ಕಾರೀ ಉದ್ಯಮವು 1953ರಲ್ಲಿ ಸ್ಥಾಪಿತವಾಗಿ, ಜಾಲಹಳ್ಳಿಯ ಬಯಲಿನಲ್ಲಿ ಲೋಹವನ್ನು ಕೊರೆಯುವ, ಕಡೆಯುವ ಭಾರಿ ಯಂತ್ರಗಳನ್ನು ಮಾಡುತ್ತಿದ್ದಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಅದೇ ಸಂಸ್ಥೆ ಕೈಗಡಿಯಾರದ ಕಾರ್ಖಾನೆಯನ್ನೂ ತೆರೆಯಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ ಅವರು. ಪರದೇಶದಿಂದ ಬಂದ ಗಡಿಯಾರಗಳನ್ನೇ ಕಂಡಿದ್ದ ಜನರ ಕೈಗೆ ಈ ನೆಲದಲ್ಲೇ ತಯಾರಾದ ಗಡಿಯಾರ ಬಂದಿತೆಂಬ ಸಂಭ್ರಮ ಆಗ ಸಾಮಾನ್ಯವಾದುದಲ್ಲ. ನಾನು 1964ರಲ್ಲಿ ಸೇರಿದಾಗ ಆ ಸಂಭ್ರಮ ಇನ್ನೂ ಬಿಸಿಯಾಗಿಯೇ ಇದ್ದಿತು. ಧೂಳು ಸುಳಿಯದ ಉದ್ದನೆಯ ಹಜಾರ. ಬಿಳಿಯ ಕೋಟು ತೊಟ್ಟು ಸಾಲಾಗಿ ಕುಳಿತ ತರುಣರು, ತರುಣಿಯರು. ಹೊರಗೆ ಎಷ್ಟೇ ಸದ್ದಿದ್ದರೂ ಒಳಗೆ ಉಸಿರನ್ನು ಹಿಡಿದು ಕೆಲಸಮಾಡುವ ಮೌನ. ಜೋಡಣೆಯ ಸಾಲಿನಲ್ಲಿ ಹೆಣ್ಣುಮಕ್ಕಳು ಬಹುಸಂಖ್ಯೆಯಲ್ಲಿದ್ದರು. ಹಳ್ಳಿಗಳಿಂದ ಬಂದು, ಮೊದಲ ಸಂಬಳವನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಮನೆಗೆ ಹೋದ ಅವರ ಮುಖಗಳನ್ನು ನಾನು ಇಂದಿಗೂ ಮರೆತಿಲ್ಲ.

ನನ್ನ ಪಾಲಿಗೆ ಬಂದದ್ದು ಬ್ಯಾಲೆನ್ಸ್ ಚಕ್ರ. ಕೂದಲಿಗಿಂತ ತೆಳ್ಳಗಿರುವ ಹೇರ್‌ಸ್ಪ್ರಿಂಗನ್ನು ಅದಕ್ಕೆ ಕೂಡಿಸಿ, ಸುರುಳಿಯ ಒಂದು ಸುತ್ತು ಇನ್ನೊಂದಕ್ಕೆ ತಾಗದಂತೆ, ಎತ್ತಲೂ ವಾಲದಂತೆ ತಿದ್ದಿ, ಮುಂದಿನವರಿಗೆ ದಾಟಿಸುವುದು. ಗಂಟೆಗೆ 18,000 ಬಾರಿ, ಎಂದರೆ ಸೆಕೆಂಡಿಗೆ ಐದು ಸಲ ಹೊಯ್ದಾಡುವ ಆ ಪುಟ್ಟ ಚಕ್ರವೇ ಗಡಿಯಾರದ ಪ್ರಾಣ. ಅದನ್ನು ನಾನು ಎಷ್ಟು ಲಕ್ಷ ಸಲ ಕೈಯಲ್ಲಿ ಹಿಡಿದಿದ್ದೇನೋ ತಿಳಿಯದು. ಅದರ ಹಿಂದಿನ ಕೆಲಸ ಬೇರೊಬ್ಬರದು, ಮುಂದಿನದು ಮತ್ತೊಬ್ಬರದು. ಜನತಾ, ಪೈಲಟ್, ಕೋಹಿನೂರ್, ಸೋನಾ ಎಂದು ಹೆಸರು ಹೊತ್ತು ಅಂಗಡಿಯ ಗಾಜಿನೊಳಗೆ ಕಂಗೊಳಿಸುತ್ತಿದ್ದ ಗಡಿಯಾರಗಳಲ್ಲಿ ನನ್ನದೆಂದು ಹೇಳಿಕೊಳ್ಳಬಹುದಾಗಿದ್ದುದು ಆ ಒಂದು ಸುರುಳಿ ಮಾತ್ರ. ಹೆಮ್ಮೆಗೆ ಅಷ್ಟೇ ಸಾಕಾಗಿತ್ತು. ಮದುವೆಯ ಮಂಟಪದಲ್ಲಿ ವರೋಪಚಾರದ ತಟ್ಟೆಯಲ್ಲಿ ನಮ್ಮ ಗಡಿಯಾರವನ್ನು ಕಂಡಾಗ, ಸುರುಳಿ ತಿದ್ದಿದವನು ನಾನೇ ಇರಬಹುದೆಂದು ಮನಸ್ಸಿನಲ್ಲೇ ಅಂದುಕೊಂಡು ಊಟಕ್ಕೆ ಕುಳಿತದ್ದು ಎಷ್ಟೋ ಸಲ. 1983ರಲ್ಲಿ ಲಾಲ್‌ಬಾಗಿನಲ್ಲಿ ನಮ್ಮ ಸಂಸ್ಥೆ ಹೂಗಡಿಯಾರವನ್ನು ನಿಲ್ಲಿಸಿದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದೆನು.

ಮುಂದೆ ಕಾಲ ತಿರುಗಿತು. ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕದ ಚೂರನ್ನು ಒಳಗಿಟ್ಟುಕೊಂಡ ಕ್ವಾರ್ಟ್ಜ್ ಗಡಿಯಾರದ ಎದುರು, ಐದು ಹೊಯ್ದಾಟದ ನಮ್ಮ ಚಕ್ರ ಲೆಕ್ಕದ ದೃಷ್ಟಿಯಿಂದ ನಿಲ್ಲಲಾರದು. ದಿನಕ್ಕೊಮ್ಮೆ ಕೀಲಿ ಕೊಡುವ ಸಹನೆಯೂ ಜನರಲ್ಲಿ ಉಳಿಯಲಿಲ್ಲ. 1984ರಲ್ಲಿ ಟೈಟನ್ ಹುಟ್ಟಿ, ನೆರೆಯ ಹೊಸೂರಿನಲ್ಲಿಯೇ ಅದರ ಕಾರ್ಖಾನೆ ಎದ್ದಿತು. ನಾನು 1999ರಲ್ಲಿ ನಿವೃತ್ತನಾದೆನು. ಗಡಿಯಾರದ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟವು 2016ರಲ್ಲಿ ಒಪ್ಪಿಗೆಯಿತ್ತಿತೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ಮಾತ್ರ ಈ ಮೇಜಿನ ಮುಂದೆ ನನಗೆ ಕೂರಲಾಗಲಿಲ್ಲ.

ಈ ಮನೆಯ ನಿವೇಶನವನ್ನು ಕೊಂಡಾಗ ಉತ್ತರಹಳ್ಳಿ ನಿಜವಾಗಿಯೂ ಹಳ್ಳಿಯೇ ಆಗಿದ್ದಿತು. ಚಿಕ್ಕಲಸಂದ್ರವನ್ನು ದಾಟಿದರೆ ರಾಗಿ ಹೊಲ, ಹುರುಳಿ, ತೆಂಗು, ಹೊಂಗೆ. ದಕ್ಷಿಣಕ್ಕೆ ಕಣ್ಣು ಹಾಯಿಸಿದರೆ ತುರಹಳ್ಳಿ ಕಾಡಿನ ಬಂಡೆಗಳು. ಜಾಲಹಳ್ಳಿಯಿಂದ ಮೆಜೆಸ್ಟಿಕ್‌ಗೆ ಒಂದು ಬಸ್ಸು, ಅಲ್ಲಿಂದ ಇಲ್ಲಿಗೆ ಮತ್ತೊಂದು, ಉಳಿದ ದೂರಕ್ಕೆ ಕಾಲು. ಮನೆ ಕಟ್ಟುವಾಗಿನ ಭಾನುವಾರಗಳೆಲ್ಲ ಹೀಗೆಯೇ ಕಳೆದವು. ಅನಂತರದ ಬೆಳವಣಿಗೆಯ ವೇಗಕ್ಕೆ ಒಂದೇ ನಿದರ್ಶನ ಸಾಕು: ಈ ಊರಿನ ಹೆಸರನ್ನು ಹೊತ್ತಿದ್ದ ವಿಧಾನಸಭಾ ಕ್ಷೇತ್ರವು ಮತದಾರರ ಸಂಖ್ಯೆಯಲ್ಲಿ ದೇಶದ ಅತಿ ದೊಡ್ಡ ಕ್ಷೇತ್ರಗಳಲ್ಲೊಂದಾಗಿ ಬೆಳೆದು, 2008ರ ಪುನರ್ವಿಂಗಡಣೆಯಲ್ಲಿ ಹಲವು ಪಾಲಾಯಿತು. 2017ರಲ್ಲಿ ಮೆಟ್ರೋ ಯಲಚೇನಹಳ್ಳಿಯವರೆಗೆ ಬಂದಾಗ ನಾನು ಮಾಡಿದ ಮೊದಲ ಕೆಲಸವೆಂದರೆ, ಅದೇ ಹಸಿರು ಮಾರ್ಗದಲ್ಲಿ ಎಲ್ಲಿಯೂ ಇಳಿಯದೆ, ಹತ್ತದೆ ಜಾಲಹಳ್ಳಿಯವರೆಗೆ ಹೋಗಿಬಂದದ್ದು. ಒಂದು ಜೀವಮಾನದ ಎರಡು ತುದಿಗಳನ್ನು ಯಾರೋ ನೇರವಾದ ಗೆರೆಯಿಂದ ಕೂಡಿಸಿದಂತೆ ತೋರಿತು.

ಇನ್ನು ಹವ್ಯಾಸದ ಮಾತು. ನಿವೃತ್ತಿಯ ಮೊದಲ ತಿಂಗಳಲ್ಲಿ, ಬೇರೆ ಕೆಲಸ ತೋಚದೆ, ನನ್ನ ಹಳೆಯ ಜನತಾ ಗಡಿಯಾರವನ್ನು ಊಟದ ಮೇಜಿನ ಮೇಲೆ ಬಿಚ್ಚಿದೆನು. ನೂರಕ್ಕೂ ಮಿಕ್ಕ ಬಿಡಿಭಾಗಗಳು. ಬ್ಯಾಲೆನ್ಸ್ ಸಲೀಸಾಗಿ ಹೊರಬಂದಿತು; ಅದರ ಕೆಳಗಿನ ಕವೆಯನ್ನು ಎತ್ತಿದೊಡನೆಯೇ ಚಕ್ರಗಳೆಲ್ಲ ಒಂದೇ ಉಸಿರಿಗೆ ಗಿರ್ರನೆ ತಿರುಗಿ, ಒಂದರ ಮೊನೆ ಮುರಿಯಿತು. ಕೀಲಿಯ ಬಲವನ್ನು ಹಿಡಿದಿಟ್ಟಿರುವ ಮೇನ್‌ಸ್ಪ್ರಿಂಗಿನ ಬಿಗುವನ್ನು ಮೊದಲು ಇಳಿಸಬೇಕೆಂಬುದು ದಾರಿಬದಿಯ ರಿಪೇರಿಯವನಿಗೂ ಗೊತ್ತಿರುವ ಪಾಠ. ನನ್ನ ಸಾಲಿನಲ್ಲಿ ಅದರ ಅಗತ್ಯವೇ ಬಿದ್ದಿರಲಿಲ್ಲ. ಬದುಕೆಲ್ಲ ಗಡಿಯಾರದ ಅನ್ನವನ್ನುಂಡೂ ಒಂದು ಗಡಿಯಾರವನ್ನು ಪೂರ್ತಿಯಾಗಿ ಅರಿಯದೆ ಇದ್ದುಬಿಟ್ಟೆನಲ್ಲಾ ಎಂಬ ವ್ಯಥೆ ಅಂದು ಬಲವಾಗಿ ಹಿಡಿಯಿತು. ಮರುವಾರವೇ ಅವೆನ್ಯೂ ರಸ್ತೆಯ ಆಸುಪಾಸಿನಲ್ಲಿ, ಮೆಟ್ಟಿಲಿನ ಕೆಳಗೆ ಮೇಜು ಹಾಕಿಕೊಂಡಿದ್ದ ವೃದ್ಧರೊಬ್ಬರನ್ನು ಕಂಡು, ಕಲಿಸಿಕೊಡಿರೆಂದು ಬೇಡಿದೆನು. ನನಗಿಂತ ಹತ್ತು ವರ್ಷ ಹಿರಿಯರು. ಎರಡು ವರ್ಷ, ವಾರಕ್ಕೆ ಮೂರು ದಿನ, ಅವರ ಪಕ್ಕದ ಮಣೆಯ ಮೇಲೆ ಕುಳಿತು ಕಲಿತೆನು. ಕೀಲಿಯ ಬಲ ಮೇನ್‌ಸ್ಪ್ರಿಂಗಿನ ಪೀಪಾಯಿಯಿಂದ ಹೊರಟು, ಚಕ್ರದಿಂದ ಚಕ್ರಕ್ಕೆ ಇಳಿದು, ಕವೆಯ ಕೆಂಪು ಕಲ್ಲುಗಳ ಮೂಲಕ ನನ್ನ ಪರಿಚಿತ ಸುರುಳಿಗೆ ಬಂದು ಸೇರುವ ದಾರಿಯನ್ನು ಮೊಟ್ಟಮೊದಲಿಗೆ ಕಣ್ಣಾರೆ ಕಂಡಾಗ ಆದ ಆನಂದ, ನನ್ನ ವೃತ್ತಿಯ ಮೂವತ್ತೈದು ವರ್ಷಗಳಲ್ಲಿ ಆಗಿರಲಿಲ್ಲ. ಮನೆಯವರ ಪ್ರಶ್ನೆಗೆ ನನ್ನ ಉತ್ತರ ಇದೇ.

ಈಗ ನೆರೆಹೊರೆಯವರು ಅಪ್ಪನದು, ಅಜ್ಜನದು ಎಂದು ಗಡಿಯಾರಗಳನ್ನು ತರುತ್ತಾರೆ. ಇತ್ತೀಚಿನ ಕಾಯಿಲೆಯೊಂದು ವಿಚಿತ್ರವಾದುದು: ಗಡಿಯಾರ ದಿನಕ್ಕೆ ಹತ್ತು, ಇಪ್ಪತ್ತು ನಿಮಿಷ ಮುಂದೋಡುತ್ತದೆ. ಮೊಬೈಲ್ ಫೋನಿನ ಕವಚದ ಅಯಸ್ಕಾಂತದ ಬಳಿ ಇಟ್ಟುದರಿಂದ ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿ, ಸುರುಳಿ ಗಿಡ್ಡವಾದಂತೆ ವರ್ತಿಸುತ್ತದೆ. ಆ ಕಾಂತಶಕ್ತಿಯನ್ನು ಕಳೆದುಬಿಟ್ಟರೆ ತಾನಾಗಿಯೇ ಸರಿಹೋಗುತ್ತದೆ. ಯಾರಿಂದಲೂ ಹಣ ಮುಟ್ಟುವುದಿಲ್ಲ.

ಹೋದ ವರ್ಷ ನಮ್ಮ ಬೀದಿಯ ಹಿರಿಯ ರೈತರೊಬ್ಬರು ತಮ್ಮ ಮದುವೆಯ ಗಡಿಯಾರವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದರು. ನಮ್ಮ ಜನತಾ, ನಿಂತು ಎಷ್ಟೋ ವರ್ಷಗಳಾಗಿದ್ದವು. ಹಿಂಬದಿಯ ಮುಚ್ಚಳವನ್ನು ತೆಗೆದೆನು. ಒಣಗಿ ಕಪ್ಪಾದ ಎಣ್ಣೆಯ ನಡುವೆ, ಚಕ್ರವೊಂದರ ಹಲ್ಲಿಗೆ ಸಿಕ್ಕಿಕೊಂಡು, ನಸುಗೆಂಪು ಬಣ್ಣದ ಏನೋ ಒಂದು ಚೂರು. ಚಿಮುಟದಿಂದ ಬಿಡಿಸಿ ಬಿಳಿಯ ಕಾಗದದ ಮೇಲಿಟ್ಟು ನೋಡಿದರೆ ಅದು ಹೊಟ್ಟು. ಮಸೂರವನ್ನು ಅವರ ಕೈಗಿತ್ತೆನು. ಅವರು ಬಗ್ಗಿ, ಬಹಳ ಹೊತ್ತು ನೋಡಿ, "ರಾಗಿ ಹೊಟ್ಟು ಸ್ವಾಮಿ. ನಮ್ಮ ಕಣದ್ದೇ. ತೂರೋವಾಗ ಕೈಯಲ್ಲೇ ಇತ್ತು ಇದು" ಎಂದರು. ಆಮೇಲೆ ಕಿಟಕಿಯಾಚೆಗೆ, ಎದುರಿನ ನಾಲ್ಕು ಅಂತಸ್ತಿನ ಕಟ್ಟಡದ ಕಡೆಗೆ ಬೆರಳು ತೋರಿ, ಕಣ ಇದ್ದದ್ದು ಆ ನೀರಿನ ತೊಟ್ಟಿ ಕಾಣುತ್ತದಲ್ಲ, ಅದರ ನೇರಕ್ಕೆ ಕೆಳಗೆ, ಎಂದರು.

ಎಲ್ಲವನ್ನೂ ತೊಳೆದು, ಎಣ್ಣೆಯಿಟ್ಟು, ಜೋಡಿಸಿ, ಐದು ದಿನದ ಮೇಲೆ ಗಡಿಯಾರವನ್ನು ಹಿಂದಕ್ಕೆ ಕೊಟ್ಟೆನು. ಹೊಟ್ಟಿನ ಚೂರನ್ನು ಕಾಗದದಲ್ಲಿ ಮಡಿಸಿ ಕೊಡಹೋದರೆ, ಅದು ನಿಮ್ಮ ಹತ್ತಿರವೇ ಇರಲಿ ಎಂದರು. ಕೀಲಿಯನ್ನು ದಿನವೂ ಬೆಳಗ್ಗೆ ಒಂದೇ ಹೊತ್ತಿಗೆ ಕೊಡಿರೆಂದು ಹೇಳಿಕಳುಹಿಸಿದೆನು. ಅವರು ಕೊಡುವುದು ಸಂಜೆ, ದೀಪ ಹಚ್ಚಿದ ಮೇಲೆ, ಜಗುಲಿಯ ಮೇಲೆ ಕುಳಿತು. ದನ ಕಟ್ಟಿ ಮುಗಿಸಿ ಕೀಲಿ ಕೊಡುತ್ತಿದ್ದ ಹೊತ್ತು ಅದೇ ಅಂತೆ.